ನಗದು ಬಿಲ್ಲಿಗೆ ಮೊಬೈಲ್ ನಂಬರ್ ಯಾಕೆ ಸ್ವಾಮಿ?

‘ನಂಬರ್ ಹಾಕದಿದ್ರೆ ಬಿಲ್ಲೇ ಬರಲ್ಲ ಮೇಡಂ, ಜಿಎಸ್‌ಟಿ ರೂಲ್ಸು.’ ಕೌಂಟರಿನ ಹುಡುಗ ಪಾಪ, ಹೇಳಿಕೊಟ್ಟದ್ದನ್ನು ಹೇಳುತ್ತಾನೆ. ಹೇಳಿಕೊಟ್ಟ ಮಾಲೀಕರಿಗೆ ಎಷ್ಟು ಸಲ ತಿದ್ದಿದರೂ ಅದೇ ರಾಗ.

ಬಿಲ್ಲಿನಲ್ಲಿ ಏನೇನಿರಬೇಕೆಂದು ಕೇಂದ್ರ ಜಿಎಸ್‌ಟಿ ನಿಯಮ 46 ಹೇಳುತ್ತದೆ. ಮೊಬೈಲ್ ನಂಬರ್ ಆ ಪಟ್ಟಿಯಲ್ಲಿಲ್ಲ. ಜಿಎಸ್‌ಟಿ ನೋಂದಣಿಯಿಲ್ಲದ ಗಿರಾಕಿಯ ಹೆಸರು, ವಿಳಾಸ ಬರೆಯಬೇಕಾದದ್ದು ತೆರಿಗೆಗೊಳಪಡುವ ಮೊತ್ತ 50,000 ರೂಪಾಯಿ ಮುಟ್ಟಿದಾಗ, ಇಲ್ಲವೇ ಗಿರಾಕಿಯೇ ಕೇಳಿದಾಗ. ಅಲ್ಲೂ ಫೋನಿನ ಮಾತಿಲ್ಲ. (ಆನ್‌ಲೈನ್ ಮಾರಾಟದ ಲೆಕ್ಕ ಬೇರೆ, ಇಲ್ಲಿ ಬೆರೆಸಬೇಡಿ.) ಇನ್ನು ಮಾಲೀಕರೇ, ನೀವು ತೆರಿಗೆ ಇಲಾಖೆಗೆ ಸಲ್ಲಿಸುವ ರಿಟರ್ನ್ ತೆಗೆದು ನೋಡಿ. ರಾಜ್ಯದೊಳಗಿನ ಚಿಲ್ಲರೆ ಮಾರಾಟ ಜಿಎಸ್‌ಟಿಆರ್-1ರ (ಮಾರಾಟದ ವಿವರ ಕೊಡುವ ರಿಟರ್ನ್) 7ನೇ ಕೋಷ್ಟಕಕ್ಕೆ ಒಟ್ಟು ಮೊತ್ತವಾಗಿ ಹೋಗುತ್ತದೆ: 5% ದರದ್ದು ಇಷ್ಟು, 18% ದರದ್ದು ಇಷ್ಟು. ಕೊಂಡವರು ಯಾರೆಂದು ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ. ನೀವು ಕೂಡಿಟ್ಟ ನಂಬರುಗಳು ಇಲಾಖೆಯ ಬಾಗಿಲನ್ನೂ ಕಾಣುವುದಿಲ್ಲ. ಅವು ಆಫರ್ ಮೆಸೇಜಿಗಷ್ಟೇ.

ಹಾಗಾದರೆ ಬಿಲ್ ತಡೆಯುವುದು ಯಾರು? ಸಾಫ್ಟ್‌ವೇರಿನಲ್ಲಿ ಯಾರೋ ‘ಕಡ್ಡಾಯ’ ಎಂದು ಒತ್ತಿಟ್ಟ ಒಂದು ಟಿಕ್ಕು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪಾರ್ಟಿ (ಕೊಂಡವರ) ಜಾಗಕ್ಕೆ ‘ಕ್ಯಾಶ್’ ಲೆಡ್ಜರ್, ಅಂದರೆ ನಗದು ಖಾತೆ, ಆರಿಸಿದರೆ ಸಾಕು. ಬೇರೆ ಎಷ್ಟೋ ಬಿಲ್ಲಿಂಗ್ ಸಾಫ್ಟ್‌ವೇರುಗಳಲ್ಲಿ ‘ವಾಕ್-ಇನ್ ಕಸ್ಟಮರ್’ ಎಂದಿರುತ್ತದೆ. ಟಿಕ್ಕು ತೆಗೆಯದಿದ್ದರೆ ಏನಾಗುತ್ತದೆ ಗೊತ್ತೇ? ಸಾಲು ಬೆಳೆದಾಗ ಹುಡುಗ ಹತ್ತು ಸಲ ಒಂಬತ್ತು ಒತ್ತುತ್ತಾನೆ, ಇಲ್ಲವೇ ತನ್ನದೇ ನಂಬರ್ ಹಾಕುತ್ತಾನೆ. ಊರವರ ಖರೀದಿಯೆಲ್ಲ ಒಂದೇ ಖಾತೆಗೆ ಬಿದ್ದು ಪಾಯಿಂಟುಗಳು ಅವನ ಪಾಲಾಗುತ್ತವೆ. ಮಾಲು ವಾಪಸ್ ತಂದವರ ಒಟಿಪಿ ಇನ್ಯಾರದೋ ಫೋನಿಗೆ ಹೋಗುತ್ತದೆ. ವಾಪಸಾತಿಗೆ ಬಿಲ್ ನಂಬರ್, ದಿನಾಂಕ ಇದ್ದರಾಯಿತು.

ಕೆಲವೆಡೆ ವಿವರ ಕೇಳಲೇಬೇಕು. ಶೆಡ್ಯೂಲ್ ಎಚ್1 ಪಟ್ಟಿಯ (ವೈದ್ಯರ ಚೀಟಿಯಿಲ್ಲದೆ ಕೊಡಬಾರದ) ಔಷಧಿಗೆ ರೋಗಿಯ ಹೆಸರು, ವೈದ್ಯರ ಹೆಸರು-ವಿಳಾಸ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ದೊಡ್ಡ ಮೊತ್ತಕ್ಕೆ ಪ್ಯಾನ್ ಕೇಳಬಹುದು. ಮಿತಿ ಎಷ್ಟೆಂದು ನಿಮ್ಮ ಆಡಿಟರ್ ಬಳಿ ಖಚಿತಪಡಿಸಿಕೊಳ್ಳಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಮೇಲ್ಪಟ್ಟ ನಗದನ್ನಂತೂ ಪಡೆಯುವಂತೆಯೇ ಇಲ್ಲ.

ನಂಬರಿಗೆ ಒತ್ತಾಯಿಸಬೇಡಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಗಿರಾಕಿಗಳು ಮಾಲು ಸ್ಕ್ಯಾನ್ ಮಾಡುವ ಮೊದಲೇ ‘ನಂಬರ್ ಬೇಡ, ಕ್ಯಾಶ್ ಬಿಲ್ ಮಾಡಿ’ ಅನ್ನಿ; ಅರ್ಧ ಬಿಲ್ಲಾದ ಮೇಲೆ ಹೇಳಿದರೆ ಹಿಂದೆ ನಿಂತವರು ಗೊಣಗುತ್ತಾರೆ. ಒಪ್ಪದಿದ್ದರೆ ಮ್ಯಾನೇಜರನ್ನು ಕರೆಸಿ. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಹುಡುಗನ ಮೇಲೆ ಮಾತ್ರ ರೇಗಬೇಡಿ, ಆ ಟಿಕ್ಕು ತೆಗೆಯುವ ಪಾಸ್‌ವರ್ಡ್ ಅವನ ಹತ್ತಿರ ಇರುವುದಿಲ್ಲ.