57ನೇ ನಂಬರಿನ ತುತ್ತೂರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯೊಂದರಲ್ಲಿ ಹತ್ತು ಬೈ ಹನ್ನೆರಡರ ರೆಕಾರ್ಡಿಂಗ್ ಕೋಣೆ. ಗೋಡೆಗೆ ಫೋಮು, ಮೂಲೆಗೆ ಕಂಪ್ಯೂಟರು, ಮೇಜಿನ ಮೇಲೆ ಕೀಬೋರ್ಡು. ಅಲ್ಲಿ ಒಂದು ಜಾತ್ರೆ ಹಾಡು ತಯಾರಾಗುತ್ತಿತ್ತು. ಪಲ್ಲವಿ ಮುಗಿದ ಮೇಲೆ ಬರುವ ಬ್ಯಾಂಡಿನ ತುಣುಕನ್ನು ಕೀಬೋರ್ಡಿನ ಹುಡುಗನೇ ನುಡಿಸಿದ್ದ. ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿದ ಹಿರಿಯರೊಬ್ಬರು ಕೇಳಲು ಕುಳಿತಿದ್ದರು. ‘ಹೆಂಗದ ಕಾಕಾ?’ ಅಂದ ಹುಡುಗ. ‘ಆವಾಜ್ ಖರೇನೇ ಅದ. ಆದ್ರ ಇದನ್ನ ಊದಿದಂವ ಸತ್ತೇ ಹೋಗ್ತಾನ ನೋಡಪಾ. ಉಸುರು ಎಲ್ಲಿ ತಗೊಂಡ?’

ಕಂಪ್ಯೂಟರಿನ ಹಿತ್ತಾಳೆ, ಅಂದರೆ ಟ್ರಂಪೆಟ್ಟಿನಂಥ ಊದುವ ವಾದ್ಯಗಳ ಸದ್ದು, ಎಷ್ಟು ಅಸಲಿ ಎಂಬ ಜಗಳ ಈಚೆಗೆ ಪ್ರತಿ ಮದುವೆ ಸೀಜನ್ನಿಗೂ ಎದ್ದು ಬರುತ್ತದೆ. ‘ಯಾರಿಗೂ ಗೊತ್ತಾಗಂಗಿಲ್ಲ’ ಎಂದು ಕೀಬೋರ್ಡಿನವರು, ‘ಓಣಿ ಆ ತುದೀಲಿಂದ ಕೇಳಿದ್ರೂ ಹೇಳ್ತೀವಿ’ ಎಂದು ಬ್ಯಾಂಡಿನವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ನಾದದ ಬಗ್ಗೆ ಮಾತಾಡುತ್ತಾರೆ, ಇನ್ನೊಬ್ಬರು ಊದುವುದರ ಬಗ್ಗೆ. ಈ ಎರಡೂ ಕಲಸಿಹೋಗಿ ಅರವತ್ತು ವರ್ಷ ಸಂದಿದೆ.

ಟ್ರಂಪೆಟ್ಟಿನ ಸದ್ದು ಹುಟ್ಟುವುದು ತುಟಿಯಲ್ಲಿ. ಬಿಗಿದ ತುಟಿ ಅದುರಿದರೆ, ಒಂದೂವರೆ ಮೀಟರಿನಷ್ಟು ಉದ್ದದ ಸುರುಳಿ ಕೊಳವೆಯೊಳಗಿನ ಗಾಳಿ ಆ ಅದುರನ್ನು ತನಗೆ ಒಗ್ಗುವ ಸ್ವರಕ್ಕೆ ಎಳೆದುಕೊಳ್ಳುತ್ತದೆ. ಗುಂಡಿಗಳು ಮೂರೇ. ಉಳಿದದ್ದೆಲ್ಲ ಉಸಿರಿನ ಕೆಲಸ. 1960ರ ದಶಕದ ನಡುವಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ರಾನ್ಸಿನ ಸಂಗೀತಗಾರ ಜಾಂ-ಕ್ಲೋದ್ ರಿಸೆ ಈ ಸದ್ದನ್ನು ಕಂಪ್ಯೂಟರಿಗೆ ಹಾಕಿ ಬಿಚ್ಚಿ ನೋಡಿದರು. ಆವರೆಗೆ ಪ್ರತಿ ವಾದ್ಯಕ್ಕೂ ಉಪಸ್ವರಗಳ (ಮೂಲ ಸ್ವರದ ಜೊತೆಗೇ ಸಣ್ಣಗೆ ಮೊಳಗುವ ಸ್ವರಗಳ) ಒಂದು ಸ್ಥಿರ ಪಾಕವಿದೆ ಎಂಬ ನಂಬಿಕೆಯಿತ್ತು. ಆ ಪಾಕದಿಂದ ಟ್ರಂಪೆಟ್ ಮಾಡಹೋದರೆ ಬಂದದ್ದು ಹಾರ್ಮೋನಿಯಂ ತರದ ಸಪ್ಪೆ ಸದ್ದು. ರಿಸೆ ಕಂಡುಕೊಂಡದ್ದು ಇಷ್ಟು: ಊದು ಜೋರಾದಂತೆ ಮೇಲಿನ ಉಪಸ್ವರಗಳು ಹೆಚ್ಚುತ್ತವೆ, ಸ್ವರ ಶುರುವಾಗುವಾಗ ಅವು ಕೆಳಗಿನವುಗಳಿಗಿಂತ ತುಸು ತಡವಾಗಿ ಬರುತ್ತವೆ. ನಾವು ಹಿತ್ತಾಳೆ ಎಂದು ಗುರುತಿಸುವುದು ಈ ಬದಲಾವಣೆಯನ್ನೇ.

ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1973ರಲ್ಲಿ ಪ್ರಕಟಿಸಿದ, ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಏರಿಳಿಸಿ ಸದ್ದು ಹುಟ್ಟಿಸುವ ಎಫ್‌ಎಂ ವಿಧಾನ ಈ ಸೂತ್ರವನ್ನು ಅಗ್ಗದ ಲೆಕ್ಕಕ್ಕೆ ಇಳಿಸಿತು. ಯಮಹಾ ಕಂಪನಿ ಅದರ ಪರವಾನಗಿ ಪಡೆದು 1983ರಲ್ಲಿ ಡಿಎಕ್ಸ್7 ಹೊರತಂದಿತು. ಆ ಕೀಬೋರ್ಡಿನಲ್ಲಿ, ಬಾಯಲ್ಲಿಟ್ಟು ಊದಿ ಸದ್ದನ್ನು ಏರಿಳಿಸುವ ಸಾಧನವೊಂದನ್ನು ಸಿಕ್ಕಿಸಲು ತೂತು ಇತ್ತು. ಉಸಿರು ಬೇಕೆಂದು ತಯಾರಿಸಿದವರಿಗೆ ಗೊತ್ತಿತ್ತು. ನಮ್ಮ ಕಡೆ ಅದನ್ನು ಸಿಕ್ಕಿಸಿ ನುಡಿಸಿದವರನ್ನು ನಾನು ನೋಡಿಲ್ಲ.

ನನಗೆ ಹತ್ತಿರದಿಂದ ಗೊತ್ತಿರುವುದು ಅದರ ಮುಂದಿನ ಕಾಲ. 1991ರಲ್ಲಿ ಕೀಬೋರ್ಡ್ ತಯಾರಕರ ನಡುವೆ ಜನರಲ್ ಮಿಡಿ ಎಂಬ ಒಪ್ಪಂದ ಬಂದು 128 ವಾದ್ಯಗಳಿಗೆ ನಂಬರು ಹಚ್ಚಿತು. 57 ಟ್ರಂಪೆಟ್, 58 ಟ್ರೋಂಬೋನ್, 59 ಟ್ಯೂಬಾ, 62 ಹಿತ್ತಾಳೆ ವಾದ್ಯಗಳ ಗುಂಪು. 63 ಮತ್ತು 64 ‘ಸಿಂಥ್ ಬ್ರಾಸ್’. ನಕಲಿ ಹಿತ್ತಾಳೆಗೂ ಪಟ್ಟಿಯಲ್ಲಿ ಎರಡು ಸ್ವಂತ ಮನೆ ಸಿಕ್ಕಿದ್ದವು! ತೊಂಬತ್ತರ ದಶಕದ ಕೊನೆಗೆ ನಾನು ರಸಮಂಜರಿ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಣಪತಿ ಹಬ್ಬಕ್ಕೆ ಸೇಡಂ, ಉರುಸಿಗೆ ಆಳಂದ, ಜಾತ್ರೆಗೆ ಜೇವರ್ಗಿ, ಅಫಜಲಪುರ. ತಂಡದಲ್ಲಿ ‘ಐವತ್ತೇಳು’ ಅಂದರೆ ಸಾಕು, ಟ್ರಂಪೆಟ್ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಆ ಯಂತ್ರದ ಜ್ಞಾಪಕಶಕ್ತಿ ಕೆಲವೇ ಎಂಬಿ. ಅಷ್ಟರೊಳಗೆ ತಬಲಾದಿಂದ ಪಿಯಾನೋವರೆಗೆ ಎಲ್ಲವೂ ಹಿಡಿಸಬೇಕು. ಹಾಗಾಗಿ ಟ್ರಂಪೆಟ್ಟಿನ ಒಂದೊಂದು ಸ್ವರವನ್ನು ಕೀಬೋರ್ಡಿನ ನಾಲ್ಕಾರು ಮನೆಗೆ ಎಳೆದು ಹಂಚುತ್ತಿದ್ದರು. ಸ್ವರ ಉದ್ದ ಬೇಕಾದರೆ ಅದರ ನಡುವಿನ ಸಣ್ಣ ಚೂರು ಮತ್ತೆ ಮತ್ತೆ ತಿರುಗುತ್ತಿತ್ತು. ಮೇಲಿನ ಮನೆಗಳಲ್ಲಿ ಅದು ಸೊಳ್ಳೆಯಂತೆ, ಕೆಳಗಿನ ಮನೆಗಳಲ್ಲಿ ಬಸ್ಸಿನ ಹಾರ್ನಿನಂತೆ ಕೇಳುತ್ತಿತ್ತು. ಆದರೂ ಜನ ಸೀಟಿ ಹೊಡೆಯುತ್ತಿದ್ದರು.

ಮೊದಲು ನಮ್ಮ ತಂಡದಲ್ಲಿ ಟ್ರಂಪೆಟ್ ಊದುವವರೊಬ್ಬರಿದ್ದರು. ಅವರನ್ನು ಯಾರೂ ಬಿಡಿಸಲಿಲ್ಲ. ಸ್ಪೀಕರುಗಳು ದೊಡ್ಡವಾದಂತೆ ಟ್ರ್ಯಾಕ್ಸ್ ಗಾಡಿಯಲ್ಲಿ ಜಾಗ ಸಾಲದಾಯಿತು, ಅಷ್ಟೇ. ‘ಈ ಸಲ ಐವತ್ತೇಳ್ ಒತ್ತಿ ಸಾಗಿಸೋಣಂತ್ರೀ’ ಅಂದೆವು. ಆ ಸಲ ಮುಗಿಯಲೇ ಇಲ್ಲ.

1998ರಲ್ಲಿ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ ಧ್ವನಿಯನ್ನು ಹಾರ್ಡ್‌ಡಿಸ್ಕಿನಿಂದ ನೇರ ಓದತೊಡಗಿತು. ಎಂಬಿಗಳ ಬರ ನೀಗಿತು. ಒಂದೊಂದು ಸ್ವರವನ್ನೂ ಮೆಲು, ಮಧ್ಯಮ, ಜೋರು ಎಂದು ಬೇರೆ ಬೇರೆ ಊದಿಸಿ ಧ್ವನಿಮುದ್ರಿಸಿದ ಸಂಗ್ರಹಗಳು ವಿಯೆನ್ನಾದಿಂದ, ಬೇರೆ ಊರುಗಳಿಂದ ಬಂದವು. ಒಂದೇ ತುಣುಕು ಪಟಪಟನೆ ಮರುಕಳಿಸಿದರೆ ಮಷಿನ್‌ಗನ್ನಿನಂತೆ ಕೇಳುತ್ತದೆಂದು ಒಂದೇ ಸ್ವರಕ್ಕೆ ಮೂರು ನಾಲ್ಕು ಪ್ರತಿ ಇಟ್ಟು ಸರದಿಯಲ್ಲಿ ಬಿಟ್ಟರು. ಒಂದೊಂದು ಸ್ವರವನ್ನೇ ಕೇಳಿದರೆ ಇಲ್ಲಿಗೆ ಅಸಲಿಗೂ ನಕಲಿಗೂ ವ್ಯತ್ಯಾಸ ಹೋಯಿತೆನ್ನಬೇಕು. ನಾನೂ ಕಣ್ಣು ಮುಚ್ಚಿ ಕೇಳಿ ಸೋತಿದ್ದೇನೆ.

ತೊಡಕಿರುವುದು, ಹಿಡಿದು ಏರಿಸುವ ಸ್ವರದಲ್ಲಿ. ಮೆಲ್ಲಗೆ ಶುರುಮಾಡಿ ಅದೇ ಉಸಿರಿನಲ್ಲಿ ಜೋರಾಗಿಸಬೇಕೆಂದಾಗ ತಂತ್ರಾಂಶ ಮೆಲುದನಿಯ ತುಣುಕನ್ನು ಇಳಿಸುತ್ತ ಜೋರಿನದನ್ನು ಏರಿಸುತ್ತದೆ. ನಡುವೆ ಒಂದು ಗಳಿಗೆ ಇಬ್ಬರು ಊದಿದಂತಾಗುತ್ತದೆ. ಬರೀ ವಾಲ್ಯೂಮು ಹೆಚ್ಚಿಸಿದರೂ ಆಗದು. ಟ್ರಂಪೆಟ್ಟಿನದೇ ಬಳಗದ ಟ್ರೋಂಬೋನನ್ನು ಗಟ್ಟಿಯಾಗಿ ಊದಿದಾಗ ಕೊಳವೆಯೊಳಗಿನ ಅಲೆ ಕಡಿದಾಗುತ್ತ ಹೋಗಿ ಆಘಾತ ತರಂಗವೇ ಆಗುತ್ತದೆಂದು 1996ರಲ್ಲಿ ಅಳೆದು ತೋರಿಸಿದ್ದಾರೆ. ಜೋರಿನ ಆ ಚುರುಕು ಮೆಲುದನಿಯ ತುಣುಕಿನಲ್ಲಿ ಇರುವುದೇ ಇಲ್ಲ.

ಇನ್ನೊಂದು ದಾರಿ, ಕೊಳವೆ ಮತ್ತು ತುಟಿಯ ಭೌತಶಾಸ್ತ್ರವನ್ನೇ ಲೆಕ್ಕ ಹಾಕುವುದು. ಯಮಹಾದ ವಿಎಲ್1 ಕೀಬೋರ್ಡು 1994ರಲ್ಲೇ ಹಾಗೆ ಮಾಡಿತ್ತು, ಒಮ್ಮೆಗೆ ಎರಡು ಸ್ವರ ಮಾತ್ರ. ಈಗ ಅಸಲಿ ತುಣುಕು ಮತ್ತು ಲೆಕ್ಕ ಎರಡನ್ನೂ ಬೆಸೆದ ತಂತ್ರಾಂಶಗಳಿವೆ. ಅವುಗಳಲ್ಲಿ ಸ್ವರ ಒಡೆಯದೆ ಏರುತ್ತದೆ. ಆದರೆ ಕೀಬೋರ್ಡು ಒತ್ತಿದರಷ್ಟೇ ಸಾಲದು. ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಲೋ ಊದುವ ಸಾಧನ ಕಚ್ಚಿಕೊಂಡೋ ಪ್ರತಿ ಸ್ವರಕ್ಕೂ ಉಸಿರು ಕೊಡಬೇಕು. ಚೆನ್ನಾಗಿ ನುಡಿಸಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಹಾಡು ನಾಳೆ ಸಂಜೆಗೆ ಬೇಕೆನ್ನುವ ಕೋಣೆಯಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಇಷ್ಟಾದರೂ ಯಾವ ಟ್ರಂಪೆಟ್ಟಿನ ನಕಲು ಎಂಬ ಪ್ರಶ್ನೆ ಉಳಿಯುತ್ತದೆ. ಸಂಗ್ರಹಗಳಲ್ಲಿರುವುದು ಹೆಚ್ಚಾಗಿ ಪಶ್ಚಿಮದ ಸಭಾಂಗಣದ, ಸಿನಿಮಾ ಹಿನ್ನೆಲೆಯ, ಜಾಜಿನ ಟ್ರಂಪೆಟ್. ಪಲ್ಟನ್ನಿನ ಬ್ಯಾಂಡಿನಿಂದ ಮದುವೆ ಮೆರವಣಿಗೆಗೆ ಇಳಿದ ನಮ್ಮ ಟ್ರಂಪೆಟ್ ಹಾಡುಗಾರರ ಗಂಟಲನ್ನು ಹಿಂಬಾಲಿಸುತ್ತದೆ. ಗುಂಡಿಯನ್ನು ಅರ್ಧ ಒತ್ತಿ, ತುಟಿ ಸಡಿಲಿಸಿ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಬಿಸಿಲು ಬೇರೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ 355ರ ಹತ್ತಿರ. ಶಬ್ದದ ವೇಗ ಏರಿದಂತೆ ಕೊಳವೆಯ ಸ್ವರವೂ ಏರುತ್ತದೆ. ಊದುವವರ ಉಸಿರು ಕೊಳವೆಯನ್ನು ಮೊದಲೇ ಬೆಚ್ಚಗಿಡುವುದರಿಂದ ಲೆಕ್ಕದಷ್ಟು ಏರದಿದ್ದರೂ, ಕಲಬುರಗಿಯ ಮೇ ತಿಂಗಳಲ್ಲಿ ಬ್ಯಾಂಡಿನ ಶ್ರುತಿ ಮೇಲಕ್ಕೇ ಹೋಗುತ್ತದೆ. ಕೀಬೋರ್ಡು ಇದ್ದಲ್ಲೇ ಇರುತ್ತದೆ. ನಮ್ಮ ಮೆರವಣಿಗೆಯ ಸದ್ದಿನಲ್ಲಿ ಆ ಅಪಶ್ರುತಿಯೂ ಸೇರಿದೆ, ಅದನ್ನು ಯಾವ ಸಂಗ್ರಹವೂ ಮಾರುವುದಿಲ್ಲ.

ಕಾಕಾನ ಮಾತಿಗೆ ಹುಡುಗ ಬೇಸರಪಡಲಿಲ್ಲ. ಅವರು ಬಾಯಲ್ಲೇ ಗುನುಗಿ ತೋರಿಸಿದ ಕಡೆ ಎರಡು ಸ್ವರ ಅಳಿಸಿ ಉಸಿರಿಗೆ ಜಾಗ ಮಾಡಿದ. ವಾರದ ಮೇಲೆ ಕಾಕಾನ ಟ್ರಂಪೆಟ್ಟನ್ನೇ ಸ್ವರ ಸ್ವರವಾಗಿ ಹಿಡಿದಿಡೋಣವೆಂದು ಕರೆಸಿದ. ಸದ್ದು ಬರುತ್ತದೆಂದು ಫ್ಯಾನು ಬಂದ್. ಒಂದೇ ಸ್ವರವನ್ನು ನಾಲ್ಕು ಸೆಕೆಂಡು ಅಲ್ಲಾಡದಂತೆ ಊದಬೇಕೆಂದರೆ ಕಾಕಾ ಮೂರನೇ ಸೆಕೆಂಡಿಗೆ ಸ್ವರವನ್ನು ಚಕ್ಕನೆ ಹೊರಳಿಸುವ ಒಂದು ಮುರ್ಕಿ ಹಾಕಿಬಿಡುತ್ತಿದ್ದರು. ‘ಸುಮ್ನ ಊದ್ರೀ ಕಾಕಾ.’ ‘ಸುಮ್ನೇ ಊದಾಕತ್ತೀನಲ್ಲೋ.’ ಕೋಣೆ ಕಾದಂತೆ ಶ್ರುತಿ ತೋರಿಸುವ ಟ್ಯೂನರಿನ ಮುಳ್ಳು ಮೆಲ್ಲಗೆ ಬಲಕ್ಕೆ ಸರಿಯತೊಡಗಿತು. ಸಂಜೆಯ ಹೊತ್ತಿಗೆ ಏಳು ಸ್ವರ ಸಿಕ್ಕಿದ್ದವು. ಕಾಕಾನಿಗೆ ಆ ರಾತ್ರಿ ಶಹಾಬಾದಿನಲ್ಲಿ ಮದುವೆಯಿತ್ತು. ಉಳಿದದ್ದು ಸೀಜನ್ ಮುಗಿದ ಮೇಲೆ ಎಂದು ಟ್ರಂಪೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು.