ಪದ ಪರಿಚಯ: ಮಿಲ್ ಕಂಡ ‘ನ್ಯಾಯ’

ಒಲೆ ಮೇಲೆ ಹಾಲು ಉಕ್ಕಿ ಚೆಲ್ಲಿದರೂ ನಾವು ‘ಅನ್ಯಾಯವಾಗಿ ಹೋಯ್ತಲ್ಲ’ ಅನ್ನುತ್ತೇವೆ. ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಇದನ್ನು ಒಪ್ಪುತ್ತಿರಲಿಲ್ಲ. ಅನ್ಯಾಯ ಅನ್ನಬೇಕಾದರೆ ಯಾರಾದರೂ ತಪ್ಪು ಮಾಡಿರಬೇಕು, ಅದರಿಂದ ಇಂಥವರಿಗೇ ಪೆಟ್ಟು ಬಿತ್ತು ಎಂದು ಬೆರಳು ಮಾಡಿ ತೋರಿಸುವಂತಿರಬೇಕು ಎನ್ನುವುದು ಆತನ ವಾದ. ನ್ಯಾಯ ಏನೆಂದು ತಿಳಿಯಲು ಅನ್ಯಾಯದ ಕಡೆಯಿಂದ ಹೋಗುವುದೇ ಸಲೀಸು ಎಂದೂ ಆತ ಹೇಳಿದ್ದ.

ಮಿಲ್ (1806–1873) ಇಂಗ್ಲೆಂಡಿನ ಉಪಯುಕ್ತತಾವಾದಿ. ಜನರ ಸುಖ ಹೆಚ್ಚಿಸುವ ಕೆಲಸ ಸರಿ, ದುಃಖ ಹೆಚ್ಚಿಸುವುದು ತಪ್ಪು. ಈ ವಾದದ ತಿರುಳು ಇಷ್ಟೇ. ಹಾಗಾದರೆ ಹತ್ತು ಜನರ ಸುಖಕ್ಕೆ ಒಬ್ಬನ ಕುತ್ತಿಗೆ ಕುಯ್ಯಬಹುದಾ? ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಮಿಲ್‌ಗೂ ಇದು ಗೊತ್ತಿತ್ತು. 1861ರಲ್ಲಿ ಪತ್ರಿಕೆಯೊಂದರಲ್ಲಿ ಬಂದು 1863ರಲ್ಲಿ ಪುಸ್ತಕವಾದ ಆತನ ‘ಯುಟಿಲಿಟೇರಿಯನಿಸಂ’ನಲ್ಲಿ ಕೊನೆಯ, ಎಲ್ಲಕ್ಕಿಂತ ಉದ್ದದ ಅಧ್ಯಾಯ ನ್ಯಾಯದ ಬಗ್ಗೆಯೇ ಇದೆ.

ಅಲ್ಲಿ ಮಿಲ್ ದಾನವನ್ನೂ ನ್ಯಾಯವನ್ನೂ ಬೇರೆ ಮಾಡುತ್ತಾನೆ. ನಮ್ಮ ಮನೆಯದೇ ಉದಾಹರಣೆ ತೆಗೆದುಕೊಳ್ಳೋಣ. ಬಾಗಿಲಿಗೆ ಬಂದು ಕೈಚಾಚಿದವರಿಗೆ ಹತ್ತು ರೂಪಾಯಿ ಕೊಟ್ಟರೆ ಒಳ್ಳೆಯದು. ಕೊಡದೆ ಕಳಿಸಿದರೆ ಜಿಪುಣ ಅನ್ನಬಹುದು, ಅನ್ಯಾಯ ಮಾಡಿದ ಅನ್ನುವಂತಿಲ್ಲ. ಅದೇ ಪಾತ್ರೆ ತೊಳೆಯುವವರ ತಿಂಗಳ ಸಂಬಳ ಹಿಡಿದಿಟ್ಟುಕೊಂಡರೆ? ಅದು ಅವರ ದುಡ್ಡು. ‘ಕೊಡಿ’ ಎಂದು ಎದುರು ನಿಂತು ಕೇಳುವ ಹಕ್ಕು ಅವರಿಗಿದೆ. ಈ ಹಕ್ಕು ಎಲ್ಲಿದೆಯೋ ಅಲ್ಲಿಂದ ನ್ಯಾಯದ ಮಾತು ಶುರು.

ಹಕ್ಕು ಎಂದರೆ ಸಮಾಜ ನನ್ನ ಬೆನ್ನಿಗೆ ನಿಂತು ಕಾಪಾಡಬೇಕಾದದ್ದು. ಯಾಕೆ ಕಾಪಾಡಬೇಕು? ಎಲ್ಲರ ಒಳಿತಿಗೆ, ಬೇರೆ ಕಾರಣ ಕೊಡಲಾರೆ ಎನ್ನುತ್ತಾನೆ ಮಿಲ್. ಹೊಟ್ಟೆಗೆ ಅನ್ನ ಬಿಟ್ಟರೆ ಮನುಷ್ಯನಿಗೆ ಅತಿ ಅಗತ್ಯವಾದದ್ದು ಭದ್ರತೆ. ನಾಳೆ ಯಾರೋ ಬಲಶಾಲಿ ಬಂದು ಕಿತ್ತುಕೊಂಡು ಹೋಗುತ್ತಾನೆ ಅಂದರೆ ಇವತ್ತು ಕೂಡಿಟ್ಟು ಏನು ಪ್ರಯೋಜನ? ಅನ್ಯಾಯ ಕಂಡಾಗ ಮೈ ಉರಿಯುವುದೂ ಇದಕ್ಕೇ. ಹೊಡೆದವರಿಗೆ ತಿರುಗಿ ಹೊಡೆಯುವ ಸಿಟ್ಟು ಪ್ರಾಣಿಗಳಿಗೂ ಇದೆ. ಮನುಷ್ಯ ಅದನ್ನು ತನ್ನವರಾಚೆಗೂ, ಇಡೀ ಸಮಾಜದವರೆಗೂ ಹಿಗ್ಗಿಸಿಕೊಂಡಿದ್ದಾನೆ.

ನನಗೆ ಹೆಚ್ಚು ಹಿಡಿಸುವುದು ಕೂಲಿಯ ಉದಾಹರಣೆ. ಜಾಣ ಕೆಲಸಗಾರನಿಗೆ ಜಾಸ್ತಿ ಕೊಡಬೇಕಾ? ಅವನು ಹೆಚ್ಚು ದುಡಿದುಕೊಟ್ಟಿದ್ದಾನೆ, ಕೊಡಬೇಕು. ಆದರೆ ಇನ್ನೊಬ್ಬನೂ ಕೈಲಾದಷ್ಟು ದುಡಿದಿದ್ದಾನೆ, ಜಾಣತನ ಹುಟ್ಟಿನಿಂದ ಬರದಿದ್ದರೆ ಅವನದೇನು ತಪ್ಪು? ಎರಡೂ ನ್ಯಾಯವೇ ಅನ್ನಿಸುತ್ತದೆ ಅಲ್ವಾ? ಹೀಗೆ ನ್ಯಾಯಕ್ಕೆ ನ್ಯಾಯವೇ ಅಡ್ಡ ನಿಂತಾಗ, ಸಮಾಜಕ್ಕೆ ಯಾವುದು ಒಳ್ಳೆಯದು ಎಂದು ನೋಡದೆ ಜಗಳ ಬಗೆಹರಿಯದು ಎಂದು ಮಿಲ್ ಹೇಳುತ್ತಾನೆ. ಆದರೆ ‘ಒಳಿತಿನ ಲೆಕ್ಕ ಕೂಡುವಾಗ ಒಬ್ಬೊಬ್ಬ ಮನುಷ್ಯನೂ ಬೇರೆ ಬೇರೆ ಎನ್ನುವುದೇ ಮರೆತುಹೋಗುತ್ತದೆ’ ಎಂದು 1971ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಉಪಯುಕ್ತತಾವಾದಕ್ಕೆ ಆಕ್ಷೇಪ ಎತ್ತಿದ. ಆ ಆಕ್ಷೇಪಕ್ಕೆ ತೂಕವಿದೆ.

ಮಿಲ್ ಇನ್ನೊಂದು ಚಮತ್ಕಾರದ ಮಾತನ್ನೂ ಹೇಳುತ್ತಾನೆ. ಜೀವ ಉಳಿಸಲು ಔಷಧಿ ಕದಿಯಬಹುದು, ಬೇರೆ ವೈದ್ಯರೇ ಸಿಗದಿದ್ದರೆ ಇರುವ ಒಬ್ಬರನ್ನು ಎಳೆದುಕೊಂಡು ಬಂದು ಚಿಕಿತ್ಸೆ ಮಾಡಿಸಬಹುದು, ಹಾಗೆ ಮಾಡುವುದು ಕರ್ತವ್ಯವೂ ಆಗಬಹುದು. ಆಗ ನಾವು ‘ನ್ಯಾಯ ಸೋತಿತು’ ಅನ್ನುವುದಿಲ್ಲ. ‘ಬೇರೆ ಹೊತ್ತಲ್ಲಿ ನ್ಯಾಯವಾದದ್ದು ಈ ಹೊತ್ತಿಗೆ ನ್ಯಾಯವಲ್ಲ’ ಅನ್ನುತ್ತೇವೆ. ಮಾತನ್ನು ಹೀಗೆ ಸ್ವಲ್ಪ ಬಗ್ಗಿಸಿಕೊಂಡು ನ್ಯಾಯದ ಮಾನ ಉಳಿಸುತ್ತೇವಂತೆ.