ಓಟಿ ನೋಡುವವನನ್ನು ನೋಡುವವರು ಯಾರು?

ಫೆಬ್ರವರಿಯಲ್ಲಿ ಕಣದ ಕಾಫಿ ಹಣ್ಣು, ಅಂದರೆ ಚೆರಿ, ಒಣಗಿ ಗಲಗಲ ಅನ್ನತೊಡಗಿದರೆ ಮಾರೋಕೆ ಕೊಡಗಿನ ಗೋಣಿಕೊಪ್ಪಕ್ಕೆ ಹೊರಡುವ ಸಮಯ. ವ್ಯಾಪಾರಿ ಚೀಲದಿಂದ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ "27 ಓಟಿ" ಅನ್ನುತ್ತಾನೆ. ಓಟಿ ಅಂದರೆ ಔಟ್‌ಟರ್ನ್: 50 ಕಿಲೋದ ಒಂದು ಚೀಲ ಚೆರಿಗೆ 27 ಕಿಲೋ ಬೀಜ. ಒಂದು ಪಾಯಿಂಟ್ ಕಡಿಮೆ ಹೇಳಿದರೆ ಚೀಲಕ್ಕೆ ಒಂದು ಕಿಲೋ ಬೀಜದ ದುಡ್ಡು ಹೋಯ್ತು. ತಕ್ಕಡಿಯೂ ಅವನದೇ, ಕಣ್ಣೂ ಅವನದೇ. ಹಾಗಾಗಿ ಹೊರಡುವ ಮೊದಲು ಅಮ್ಮತ್ತಿಯ ಭಾವನಿಗೆ ಒಂದು ಫೋನ್: "ಅವನ ಓಟಿ ಹೇಗೆ?" ಭಾವ ತನ್ನ ಪಕ್ಕದ ತೋಟದವರನ್ನು ಕೇಳಿ ಹೇಳುತ್ತಾನೆ. ಅಷ್ಟೇ. ಇದರಲ್ಲಿ ಸ್ಟಾರೂ ಇಲ್ಲ, ಆ್ಯಪೂ ಇಲ್ಲ.

ಚಿಕ್ಕಪ್ಪನ ಮಗನ ಹೋಂಸ್ಟೇ ಕಥೆ ಬೇರೆ. ಆ್ಯಪಿನಲ್ಲಿ ಅದಕ್ಕೆ ಒಂದೇ ವಾರದಲ್ಲಿ ಐದು ಜನ ಒಂದೊಂದೇ ಸ್ಟಾರ್ ಕೊಟ್ಟರು. ಅವರಲ್ಲಿ ಮೂವರು ಅವನ ಮನೆಯ ಗೇಟೂ ದಾಟಿದವರಲ್ಲ. ಆ್ಯಪಿನ ಕಂಪನಿಗೆ ಕೊಟ್ಟ ದೂರಿಗೆ ಉತ್ತರ ಬರಲಿಲ್ಲ. "ಯಾರನ್ನು ನಂಬಬಹುದು ಅನ್ನೋ ಈ ಲೆಕ್ಕ ಇಡೋಕೆ ಒಬ್ಬ ಯಜಮಾನ ಬೇಕೇಬೇಕಾ?" ಅಂತ ಕೇಳಿದ.

ಒಳ್ಳೆ ಪ್ರಶ್ನೆ. ಲೆಕ್ಕಕ್ಕೆ ಬೆಲೆ ಇದೆ ಅನ್ನೋದರಲ್ಲಿ ಅನುಮಾನವಿಲ್ಲ. ಇಬೇ ಎಂಬ ಆನ್‌ಲೈನ್ ಸಂತೆಯಲ್ಲಿ ಒಂದೇ ಥರದ ಹಳೆ ಪೋಸ್ಟ್‌ಕಾರ್ಡ್‌ಗಳನ್ನು ಹೆಸರು ಮಾಡಿದ ಖಾತೆಯಿಂದಲೂ ಹೊಸ ಖಾತೆಗಳಿಂದಲೂ ಮಾರಿ ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಹಳೆ ಹೆಸರಿಗೆ ಸುಮಾರು 8 ಶೇಕಡಾ ಜಾಸ್ತಿ ಬೆಲೆ ಸಿಕ್ಕಿತ್ತು.

ಯಜಮಾನನನ್ನು ತೆಗೆದರೆ ಏನಾಗುತ್ತದೆ? 2002ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಡೌಸರ್ ಇದರ ರೋಗವನ್ನು 'ಸಿಬಿಲ್ ದಾಳಿ' ಎಂಬ ಹೆಸರಲ್ಲಿ ವಿವರಿಸಿದರು. ಹೆಸರು ಪುಕ್ಕಟೆ ಸಿಗುವ ಕಡೆ ಒಬ್ಬನೇ ಸಾವಿರ ಜನ ಆಗಬಹುದು. 2005ರಲ್ಲಿ ಸಂಶೋಧಕರಾದ ಆಲಿಸ್ ಚೆಂಗ್ ಮತ್ತು ಎರಿಕ್ ಫ್ರೀಡ್‌ಮನ್ ಗಣಿತದಲ್ಲೇ ತೋರಿಸಿದರು: ಯಾರು ನೋಡಿದರೂ ಒಂದೇ ಅಂಕ ಬರುವಂತೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸುಳ್ಳು ಹೆಸರುಗಳಿಂದ ಪಾರಾಗೋಕೆ ಆಗಲ್ಲ. ಆದರೆ ನಾನು ನಿಂತ ಜಾಗದಿಂದ ಲೆಕ್ಕ ಶುರುಮಾಡಿದರೆ ಪಾರಾಗುವ ದಾರಿ ಇದೆ.

ಗದ್ದೆಗೆ ತೋಡಿನ ನೀರು ಬಿಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ನನ್ನ ಗದ್ದೆಯಿಂದ ಭಾವನ ಗದ್ದೆಗೆ, ಅಲ್ಲಿಂದ ಅವನ ಪಕ್ಕದವರ ಗದ್ದೆಗೆ ನಂಬಿಕೆ ಹರಿಯುತ್ತದೆ. ಕಳ್ಳನೊಬ್ಬ ಹತ್ತು ಸಾವಿರ ಸುಳ್ಳು ಗದ್ದೆ ಮಾಡಿಕೊಂಡರೂ ಅವಕ್ಕೆಲ್ಲ ನನ್ನ ಕಡೆಯಿಂದ ಇರೋದು ಒಂದೇ ಸಣ್ಣ ಕಾಲುವೆ. ಅದರಲ್ಲಿ ಹಿಡಿಸುವಷ್ಟೇ ನೀರು ಹೋಗೋದು. ರಾಫ್ ಲೆವಿಯನ್ 1999ರಲ್ಲಿ ಅಡ್ವೊಗಾಟೊ ಎಂಬ ಜಾಲತಾಣವನ್ನು ಈ ಹರಿವಿನ ಲೆಕ್ಕದ ಮೇಲೇ ಕಟ್ಟಿದ್ದರು. ಇದಕ್ಕೆ ಬದಲಾಗಿ ಕೊಡಬೇಕಾದ್ದು ಒಂದೇ: ಊರಿಗೆಲ್ಲ ಸೇರಿ ಒಂದು ಸ್ಟಾರ್ ಅನ್ನುವ ಆಸೆ. ನನಗೆ ನಾಲ್ಕು ಕಂಡದ್ದು ನಿಮಗೆ ಎರಡು ಕಾಣಬಹುದು.

ಬಿಟ್‌ಕಾಯಿನ್? ಅದಕ್ಕೂ ಯಜಮಾನ ಇಲ್ಲ. ಆದರೆ ಅದು ಹೆಸರು ಎಣಿಸಲ್ಲ, ಕಂಪ್ಯೂಟರ್ ಪಟ್ಟ ಶ್ರಮ ಎಣಿಸುತ್ತದೆ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನೋಕೆ ಸಾಕು. ವ್ಯಾಪಾರಿಯ ತಕ್ಕಡಿ ಸರಿಯಿದೆಯಾ ಅಂತ ಅದಕ್ಕೆ ಗೊತ್ತಾಗಲ್ಲ.

ಯಜಮಾನ ಇಲ್ಲದ ಮನೆಯ ಕಷ್ಟವೂ ಇದೆ. ಪಿಜಿಪಿ ಎಂಬ ಗುಟ್ಟು ಬರಹದ ವ್ಯವಸ್ಥೆಯಲ್ಲಿ ಒಬ್ಬರ ಡಿಜಿಟಲ್ ಕೀಲಿಗೆ ಇನ್ನೊಬ್ಬರು ಸಹಿ ಹಾಕಿ "ಇವರು ನನಗೆ ಗೊತ್ತು" ಅನ್ನುತ್ತಿದ್ದರು. 2019ರಲ್ಲಿ ಯಾರೋ ಒಂದಿಬ್ಬರ ಕೀಲಿಗೆ ರಾಶಿ ರಾಶಿ ಕಸದ ಸಹಿ ಸುರಿದರು. ಆ ಕೀಲಿ ಇಳಿಸಿಕೊಂಡವರ ಸಾಫ್ಟ್‌ವೇರ್ ಏದುಸಿರು ಬಿಟ್ಟಿತು. ಕೀಲಿ ಇಟ್ಟಿದ್ದ ಸರ್ವರ್‌ಗಳಲ್ಲಿ ಸೇರಿಸೋಕೆ ಬರುತ್ತಿತ್ತು, ಅಳಿಸೋಕೆ ಬರುತ್ತಿರಲಿಲ್ಲ. ಚಿಕ್ಕಪ್ಪನ ಮಗನಿಗೆ ಬೈಯೋಕೆ ಉತ್ತರ ಕೊಡದ ಕಂಪನಿಯಾದರೂ ಇತ್ತು. ಇಲ್ಲಿ ಬೈಯೋಕೂ ಯಾರಿಲ್ಲ.

ಕೊಡಗಿನಲ್ಲಿ ಮೊದಲು ಕೇಳೋದೇ "ಯಾರ ಮನೆಯವರು?" ಅಂತ. ಅಂಗಡಿಯ ಬೋರ್ಡು ಒಂದು ದಿನದಲ್ಲಿ ಬದಲಾಗುತ್ತದೆ, ಒಕ್ಕದ, ಅಂದರೆ ಮನೆತನದ, ಹೆಸರು ಬದಲಾಗಲ್ಲ. ಸುಳ್ಳು ಹೆಸರಿಗೆ ಇದಕ್ಕಿಂತ ಗಟ್ಟಿ ಬೇಲಿ ನಾನು ಕಂಡಿಲ್ಲ. ಆದರೆ ಆ ಬೇಲಿ ಕಳ್ಳನ ಜೊತೆಗೆ ಹೊರಗಿನಿಂದ ಬಂದ ಒಳ್ಳೆಯವರನ್ನೂ ತಡೆಯುತ್ತದೆ, ಅಲ್ವಾ?

ಹೋದ ವರ್ಷ ಕಾಫಿ ಕುಯ್ಯಲು ಅಸ್ಸಾಮಿನ ಹುಡುಗನೊಬ್ಬ ತೋಟದ ಕೆಲಸಗಾರರಿರುವ ನಮ್ಮ ಲೈನ್‌ಮನೆಗೆ ಬಂದ. ದಿನಸಿ ಅಂಗಡಿಯಲ್ಲಿ ಸಾಲ ಕೇಳಿದಾಗ ಅಂಗಡಿಯವರು ನನಗೆ ಫೋನ್ ಮಾಡಿದರು. "ಕೊಡಿ, ನಾನಿದ್ದೇನೆ" ಅಂದೆ. ಈ ವರ್ಷ ಅವನು ತನ್ನ ಊರಿನ ಮೂವರನ್ನು ಕರೆತಂದಿದ್ದಾನೆ. ಮೂವರ ಹೆಸರಲ್ಲೂ ಪುಸ್ತಕದಲ್ಲಿ ಸಾಲ ಬರೆದಾಗಿದೆ. ಅಂಗಡಿಯವರು ನನಗೆ ಫೋನ್ ಮಾಡಲಿಲ್ಲ.